ಐದು ಪ್ರತಿ ಅರ್ಜಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಕಂಪ್ಯೂಟರ್ ವಿದ್ಯೆ ಬರುವುದಿಲ್ಲ, ಬರುತ್ತದೆ ಎಂಬ ಹೆಸರು ಮಾತ್ರ ಬಂದಿದೆ. ಒಮ್ಮೆ ಕಚೇರಿಯಲ್ಲಿ ಕಪ್ಪಗೆ ಕೂತಿದ್ದ ಪರದೆಯ ಹಿಂದಿನ ಸಡಿಲ ತಂತಿಯನ್ನು ಒತ್ತಿ ಕೂರಿಸಿದ್ದೆ. ಪರದೆ ಬೆಳಗಿತು. ಅವತ್ತಿನಿಂದ ಯಾರ ಯಂತ್ರ ಮುನಿಸಿಕೊಂಡರೂ ನನಗೇ ಕರೆ. ಹೊಗಳಿಕೆಯನ್ನು ತಕ್ಷಣ ನಿರಾಕರಿಸದಿದ್ದರೆ ಮುಂದೆ ಅದನ್ನು ದುಡಿದು ತೀರಿಸಬೇಕಾಗುತ್ತದೆ.

ಆಗ ನಾನು ಶಹಾಪುರದಾಚೆಯ ಒಂದು ಕಾಲುವೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಮನೆ ಸುರಪುರದಲ್ಲಿ. ಬೆಳಿಗ್ಗೆ ಏಳರ ಬಸ್ಸು, ಶಹಾಪುರದಲ್ಲಿ ಇಳಿದು ಇನ್ನೊಂದು. ನಾರಾಯಣಪುರ ಅಣೆಕಟ್ಟಿನ ನೀರೂ ನನ್ನ ಹಾಗೆ ದಿನವೂ ಈ ಕಡೆ ಹರಿದು ಬರುತ್ತಿತ್ತು. ಆದರೆ ಸಂಜೆ ಮನೆಗೆ ಮರಳಬೇಕೆಂಬ ತಾಪತ್ರಯ ಅದಕ್ಕಿರಲಿಲ್ಲ.

ಕಚೇರಿಯಲ್ಲಿ ನಾಲ್ಕು ಕಂಪ್ಯೂಟರ್, ಒಂದೇ ಪ್ರಿಂಟರ್. ಅದು ಹಿರಿಯ ಗುಮಾಸ್ತೆ ಶರಣಮ್ಮಕ್ಕನ ಮೇಜಿನ ಮೇಲಿತ್ತು. ಏನೇ ಅಚ್ಚಾಗಬೇಕಿದ್ದರೂ ಪೆನ್‌ಡ್ರೈವ್ ಹಿಡಿದು ಅವರ ಮುಂದೆ ನಿಲ್ಲಬೇಕು. ಅವರು ಕನ್ನಡಕ ಏರಿಸಿ, ಇಡೀ ಕಾಗದ ಓದಿ, ಎರಡಾದರೂ ತಪ್ಪು ಹುಡುಕಿ, ತಿದ್ದಿಸಿದ ಮೇಲೆಯೇ ಗುಂಡಿ ಒತ್ತುವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಡತ ಕಟ್ಟುವುದರಿಂದ ಹಿಡಿದು ಟಿಪ್ಪಣಿ ಬರೆಯುವವರೆಗೆ ಎಲ್ಲವನ್ನೂ ನನಗೆ ಕಲಿಸಿದವರು ಅವರೇ. ಆ ಋಣಕ್ಕೆ, ಅವರು ನಿವೃತ್ತರಾಗುವವರೆಗೆ ಇಲ್ಲೇ ಇರುತ್ತೇನೆಂದು ಒಮ್ಮೆ ಉತ್ಸಾಹದಲ್ಲಿ ಮಾತು ಕೊಟ್ಟಿದ್ದೆ.

ಕಾಲುವೆಗೆ ನೀರು ಬಿಡುವ ಮೊದಲು ನಮ್ಮಲ್ಲಿ ಗದ್ದಲವೋ ಗದ್ದಲ. ಯಾವ ಊರಿನ ಹೊಲಗಳಿಗೆ ಯಾವ ದಿನ ನೀರು ಎಂಬ ಪಾಳಿ ಪಟ್ಟಿ ಊರೂರಿನ ಗೋಡೆಗೆ ಹತ್ತಬೇಕು. ಕಾಲುವೆಯ ಕೊನೆಯ ಊರಿನವರಿಗಂತೂ ಆ ಹಾಳೆ ಒಂದು ದಿನ ತಡವಾದರೂ ಜಗಳವೇ. ಆ ವರ್ಷ ನಮ್ಮ ಎಂಜಿನಿಯರ್ ಸಾಹೇಬರು ನನ್ನನ್ನು ಕರೆದರು.

“ಆ ಪ್ರಿಂಟರ್ ಎಲ್ಲಾ ಕಂಪ್ಯೂಟರಿಗೂ ಜೋಡಿಸಾಕ ಬರ್ತದೇನ್ರಿ?”

“ಬರ್ತದ್ರಿ ಸರ್” ಎಂದುಬಿಟ್ಟೆ.

ಮುಂದಿನ ಎರಡು ದಿನ ನಾನು ಮೇಜುಗಳ ಕೆಳಗೇ ಇದ್ದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೇಡರ ಬಲೆಯನ್ನು ಸರಿಸುತ್ತ, ನಾಲ್ಕು ಯಂತ್ರಗಳಿಗೂ ತಂತಿ ಎಳೆದೆ. ಒಂದಕ್ಕೆ ಪ್ರಿಂಟರ್ ಕಂಡಿತು. ಇನ್ನೊಂದಕ್ಕೆ ಅಂಥದೊಂದು ಲೋಕದಲ್ಲಿ ಇದೆಯೆಂದೇ ನಂಬಿಕೆ ಬರಲಿಲ್ಲ. ಸಾಹೇಬರ ಯಂತ್ರವೋ, ಪ್ರಿಂಟರನ್ನು ಕಂಡೂ ‘ನಿಮಗೆ ಅನುಮತಿ ಇಲ್ಲ’ ಎಂದಿತು. ಅದನ್ನು ಅವರಿಗೆ ಓದಿ ಹೇಳುವ ಧೈರ್ಯ ನನಗಾಗಲಿಲ್ಲ. ಎರಡನೆಯ ದಿನ ಸಂಜೆ ಕೊನೆಗೂ ನಾಲ್ಕೂ ಕಡೆಯಿಂದ ಹಾಳೆ ಹೊರಬಿತ್ತು. ಶರತ್ತು ಒಂದೇ. ಪ್ರಿಂಟರ್ ಶರಣಮ್ಮಕ್ಕನ ಕಂಪ್ಯೂಟರಿಗೆ ಜೋಡಿಸಿದ್ದರಿಂದ ಅದು ಚಾಲೂ ಇರಬೇಕು. ಅದನ್ನು ಎಲ್ಲರಿಗೂ ಹೇಳಿದೆ.

ಎಲ್ಲರೂ ಮೆಚ್ಚಿಕೊಂಡರು. ಶರಣಮ್ಮಕ್ಕ ಮಾತ್ರ ತಮ್ಮ ಮೇಜಿನ ಮುಂದಿನ ಖಾಲಿ ಕುರ್ಚಿ ನೋಡಿ, “ಚಲೋ ಆತು ಬಿಡು. ಇನ್ಮ್ಯಾಲ ನನ್ನ ಹತ್ರ ಯಾರೂ ಬರೂದು ಬ್ಯಾಡ” ಎಂದರು. ನಕ್ಕೇ ಹೇಳಿದರು. ನಾನೂ ನಕ್ಕೆ. ಆದರೆ ಒಳಗೊಳಗೆ ನನಗಿದ್ದ ಖುಷಿಯೇ ಬೇರೆ. ಇನ್ನು ನನ್ನ ಕಾಗದವನ್ನು ಯಾರೂ ಓದುವುದಿಲ್ಲ.

ಏಕೆಂದರೆ ನಾನೊಂದು ಅರ್ಜಿ ಹಾಕಬೇಕಿತ್ತು. ಈ ‘ಅರ್ಜಿ’ ಅರಬ್ಬಿಯಿಂದ ಉರ್ದುವಿಗೆ ಬಂದು, ನಿಜಾಮನ ಕಾಲದಲ್ಲಿ ನಮ್ಮ ಬಾಯಲ್ಲಿ ನೆಲೆಸಿದ ಮಾತು. ಮೂಲದಲ್ಲಿ ವಿನಯದ ಬಿನ್ನಹ. ನಮ್ಮ ಕೈಗೆ ಬರುವಷ್ಟರಲ್ಲಿ ಅದಕ್ಕೆ ಸ್ವಲ್ಪ ಸುಳ್ಳು ಬೆರೆತಿದೆ. ಮಗಳು ಹತ್ತನೆಯ ತರಗತಿಗೆ ಬಂದಿದ್ದಳು. ನಾನು ಮನೆ ಮುಟ್ಟುವಷ್ಟರಲ್ಲಿ ಅವಳ ಓದು ಮುಗಿದಿರುತ್ತಿತ್ತು, ನನ್ನ ಶಕ್ತಿಯೂ. ಸುರಪುರಕ್ಕೆ ವರ್ಗ ಬೇಕಿತ್ತು. ಆದರೆ ಇಷ್ಟು ಸಾದಾ ಕಾರಣಕ್ಕೆ ಯಾರು ವರ್ಗ ಕೊಡುತ್ತಾರೆ? ಹಾಗಾಗಿ, ‘ನಮ್ಮ ಅತ್ತೆಯವರು ತೀವ್ರ ಅನಾರೋಗ್ಯದಿಂದ ನಡೆಯಲಾರದ ಸ್ಥಿತಿಯಲ್ಲಿದ್ದಾರೆ’ ಎಂದು ಬರೆದೆ.

ಊಟದ ಹೊತ್ತಿಗೆ ಕೋಣೆ ಖಾಲಿಯಾದಾಗ ಗುಂಡಿ ಒತ್ತಿದೆ. ಹಾಳೆ ಬರಲಿಲ್ಲ. ಮತ್ತೆ ಒತ್ತಿದೆ. ಹೀಗೆ ಐದು ಸಲ. ಅಷ್ಟರಲ್ಲಿ ಸಾಹೇಬರು ಕರೆದರೆಂದು ಒಳಗೆ ಹೋದೆ. ಊಟಕ್ಕೆ ಹೋಗುವಾಗ ಶರಣಮ್ಮಕ್ಕ ತಮ್ಮ ಕಂಪ್ಯೂಟರ್ ಬಂದ್ ಮಾಡಿ ಹೋಗಿದ್ದರು. ಊರಿಗೆಲ್ಲ ಹೇಳಿದ ಶರತ್ತು ನನಗೇ ಮರೆತಿತ್ತು. ಅವರು ಮರಳಿ ಬಂದು ಅದನ್ನು ಚಾಲೂ ಮಾಡಿದ್ದೇ ತಡ, ತಡೆದಿದ್ದ ಪಾಳಿ ಪಟ್ಟಿಗಳ ಜೊತೆ ನನ್ನ ಅರ್ಜಿಯೂ ಐದು ಪ್ರತಿಯಾಗಿ ಅವರ ಮಡಿಲಿಗೇ ಬಂತು.

ನಾನು ಹೊರಬಂದಾಗ ನನ್ನ ಮೇಜಿನ ಮೇಲೆ ನಾಲ್ಕು ಹಾಳೆಗಳು ಬೋರಲು ಬಿದ್ದಿದ್ದವು. ಮೇಲಿನದನ್ನು ತಿರುವಿದರೆ ಕೆಂಪು ಶಾಯಿಯ ಗುರುತು.

“ಕೂಡು ತಂಗಿ” ಎಂದರು ಶರಣಮ್ಮಕ್ಕ. “ತಾರೀಖು ಹಾಕಿಲ್ಲ ನೀ. ‘ತೀವ್ರ’ಕ್ಕ ದೀರ್ಘ ಬಿಟ್ಟೀದಿ. ಮತ್ತ ನಿಮ್ಮತ್ತಿ ಹೋದ ತಿಂಗಳ ತಾವೇ ಇಲ್ಲೀತನಕ ಬಂದು ಶೇಂಗಾ ಹೋಳಿಗಿ ಕೊಟ್ಟು ಹೋದ್ರಲ್ಲ, ಅಷ್ಟರಾಗ ಕಾಲು ಬಿದ್ದು ಹೋದವೇನು?”

ನನ್ನ ಮುಖ ಬಿಸಿಯಾಯಿತು. “ನಿಮಗ ಮಾತು ಕೊಟ್ಟಿದ್ದೆ ಅಕ್ಕಾ. ಹೆಂಗ ಹೇಳ್ಬೇಕು ತಿಳೀಲಿಲ್ಲ.”

ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. “ಆ ಮಾತು ನಾ ಕೇಳಿರಲಿಲ್ಲವ್ವ, ನೀನಾಗಿ ಕೊಟ್ಟಿದ್ದಿ. ಹೋಗೂದಕ್ಕ ನನಗ ಸಿಟ್ಟಿಲ್ಲ. ಹೇಳದ ಹೊಂಟಿದ್ದಿಯಲ್ಲ, ಅದಕ್ಕ ಅದ.”

ಐದನೆಯ ಪ್ರತಿ ಎಲ್ಲಿ ಎಂದು ಕೇಳುವ ಎಚ್ಚರವೂ ನನಗಿರಲಿಲ್ಲ. ಉತ್ತರ ಮರುದಿನ ಬೆಳಿಗ್ಗೆ ತಾನಾಗಿ ಬಂತು. ಕಾಲುವೆಯ ಗೇಟು ನೋಡಿಕೊಳ್ಳುವ ಹುಸೇನಸಾಬ್ ಕಾಕಾ ಕೊನೆಯ ಊರಿಗೆ ಪಟ್ಟಿ ಹಚ್ಚಲು ಹೋಗಿದ್ದವರು ಒಂದು ಮಡಿಸಿದ ಹಾಳೆ ಹಿಡಿದು ಬಂದರು.

“ಪಟ್ಟಿ ಜೋಡಿ ಇದೂ ಬಂದಿತ್ರಿ ಮೇಡಂ. ಗೋಡಿಗಿ ಅಂಟು ಹಚ್ಚಿದ ಮ್ಯಾಲ ಓದಿದೆ. ಮಂದಿ ನೋಡೂದ್ರಾಗ ತಗದು ಬಿಟ್ಟೆ.” ದನಿ ತಗ್ಗಿಸಿ ಕೇಳಿದರು, “ಅತ್ತಿಯವರಿಗಿ ಏನಾತ್ರಿ? ಹೋದ ವಾರ ಸುರಪುರ ಸಂತ್ಯಾಗ ಜ್ವಾಳದ ಚೀಲ ಹೊತ್ತು ಹೊಂಟಿದ್ರು.”

ಅವರು ಚೇಷ್ಟೆ ಮಾಡುತ್ತಿರಲಿಲ್ಲ, ನಿಜವಾಗಿಯೂ ಮರುಗಿದ್ದರು. ಶರಣಮ್ಮಕ್ಕ ಮುಖಕ್ಕೆ ಕಡತ ಅಡ್ಡ ಹಿಡಿದು ನಗುತ್ತಿದ್ದರು. ನಿನ್ನೆಯ ಬಿಗುವು ಅಲ್ಲಿಗೆ ಸಡಿಲಿತು.

ಆ ಸಂಜೆ ಮನೆಯಲ್ಲಿ ಈ ಕಥೆಯನ್ನೆಲ್ಲ ಅತ್ತೆಗೆ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ಹಿಟ್ಟಿನ ಕೈಯನ್ನೇ ಮೊಣಕಾಲ ಮೇಲಿಟ್ಟುಕೊಂಡರು.

“ಪೂರಾ ಸುಳ್ಳಲ್ಲವ್ವ ಅದು. ಎಡಗಾಲ ಮಂಡಿ ನೋಯಾಕತ್ತಿ ಎರಡು ವರ್ಷ ಆತು. ನೀ ಬಸ್ಸಿಗಿ ಓಡೂ ಹೊತ್ತಿನ್ಯಾಗ ಹೇಳಿ ಏನ್ ಮಾಡ್ಲಿ?”

ಊರ ಗೋಡೆಗೆ ಹತ್ತಿ ಬಂದ ನನ್ನ ಸುಳ್ಳಿನಲ್ಲಿದ್ದ ನಿಜ, ಅದನ್ನು ಬರೆದ ನನಗೇ ಗೊತ್ತಿರಲಿಲ್ಲ.

ಮರುದಿನ ರಜೆ ಹಾಕಿ ಅತ್ತೆಯನ್ನು ಸುರಪುರದ ಡಾಕ್ಟರಿಗೆ ತೋರಿಸಿದೆ. ಅದರ ಮರುದಿನ ಶರಣಮ್ಮಕ್ಕನ ಎದುರಿನ ಕುರ್ಚಿಯಲ್ಲಿ ಕೂತು ಹೊಸ ಅರ್ಜಿ ಬರೆದೆ. ಅತ್ತೆಗೆ ಮಂಡಿನೋವು, ಮಗಳಿಗೆ ಪರೀಕ್ಷೆ, ನನಗೆ ದಿನಕ್ಕೆ ನಾಲ್ಕು ಬಸ್ಸು. “ಇಷ್ಟು ಸಾಕು, ಹೆಚ್ಚಿಗಿ ಬರಿಬ್ಯಾಡ” ಎಂದರು ಅವರು. ಸಾಹೇಬರು ಶಿಫಾರಸು ಬರೆದು ಮೇಲೆ ಕಳಿಸಿದರು. ಕಾಯಬೇಕಾಯಿತು, ಆದರೆ ಮಗಳ ಪರೀಕ್ಷೆಗೆ ಮೂರು ತಿಂಗಳಿರುವಾಗ ಆದೇಶ ಬಂತು.

ಈಗ ಸಂಜೆ ಆರಕ್ಕೆ ಮುಂಚೆ ಮನೆಯಲ್ಲಿರುತ್ತೇನೆ. ಡಾಕ್ಟರರು ಅತ್ತೆಗೆ ದಿನವೂ ನಡೆಯಬೇಕೆಂದು ಹೇಳಿದ್ದಾರೆ. ಅವರು ಇಷ್ಟು ದಿನ ಸಂಜೆ ಮೊಮ್ಮಗಳೊಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೋಗಲಾರದೆ ಸುಮ್ಮನಿದ್ದರಂತೆ. ನಾನು ಹೊಸ್ತಿಲು ದಾಟುವುದೇ ತಡ, ಚಪ್ಪಲಿ ಮೆಟ್ಟಿಕೊಂಡು ಓಣಿಯ ಗೆಳತಿಯರ ಜೊತೆ ಹೊರಟುಬಿಡುತ್ತಾರೆ. ಅವರ ಸೇವೆಗೆಂದು ವರ್ಗ ಮಾಡಿಸಿಕೊಂಡು ಬಂದ ಸೊಸೆಯ ಕೈಗೆ ಅವರು ಸಿಗುವುದು ಏಳೂವರೆಯ ಮೇಲೆಯೇ.