ಮಿಲ್ಲಿನಕ್ಕ ತೋರಿಸಿದ ಬೆಂಗಳೂರು

ಹೋದ ಭಾನುವಾರ ರಾಗಿ ಬೀಸಿಸಿಕೊಂಡು ಆಟೋದಲ್ಲಿ ಮನೆಗೆ ಬರುತ್ತಿದ್ದೆ. ಚೀಲ ತೊಡೆಯ ಮೇಲಿತ್ತು. ಆಗಷ್ಟೇ ಕಲ್ಲಿನಿಂದ ಇಳಿದ ಹಿಟ್ಟಿಗೆ ಒಂದು ಬಿಸಿ ಇರುತ್ತದೆ, ಜೊತೆಗೊಂದು ವಾಸನೆ... ಸುಟ್ಟದ್ದೂ ಅಲ್ಲ, ಹಸಿಯೂ ಅಲ್ಲ. ಪ್ಯಾಕೆಟ್ ಹಿಟ್ಟು ತಿಂದು ತಿಂದು ನಾನದನ್ನು ಮರೆತೇಬಿಟ್ಟಿದ್ದೆ. ಹಾಸನದ ಸಿಗ್ನಲ್ಲೊಂದರಲ್ಲಿ ಆಟೋ ನಿಂತಾಗ ನನಗೆ ಇದ್ದಕ್ಕಿದ್ದಂತೆ ನಗು ಬಂತು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಫೋನಿನಲ್ಲಿ ಏನೋ ಓದುತ್ತಿರುವವಳಂತೆ ಮುಖ ತಗ್ಗಿಸಿದೆ. ನೆನಪಾಗಿದ್ದು ಮಧುಗಿರಿಯ ಮಿಲ್ಲಿನಕ್ಕ.

ಮಧುಗಿರಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋದಾಗ ನಾನು ಬಾಡಿಗೆಗೆ ಹಿಡಿದದ್ದು ಅವರ ಹಿಟ್ಟಿನ ಮಿಲ್ಲಿನ ಮೇಲಿನ ಮನೆ. ಬೆಳಿಗ್ಗೆ ಮಿಲ್ಲು ಶುರುವಾದರೆ ನನ್ನ ಮಂಚ ನಡುಗುತ್ತಿತ್ತು, ಅಲಾರಾಂ ಬೇಕಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಿಲ್ಲನ್ನು ಅಕ್ಕ ಒಬ್ಬರೇ ನಡೆಸುತ್ತಿದ್ದರು. ಹುಬ್ಬು, ರೆಪ್ಪೆ, ಮೂಗುತಿ ಎಲ್ಲದರ ಮೇಲೂ ಹಿಟ್ಟು. ಆ ಸದ್ದಿನಲ್ಲಿ ಕೂಗಿ ಕೂಗಿ ಮೆಲ್ಲಗೆ ಮಾತನಾಡುವುದೇ ಅವರಿಗೆ ಮರೆತುಹೋಗಿತ್ತು. ಕಿವಿಯೂ ಮಂದವಾಗಿತ್ತು. ಅವರು ಕಿವಿಯಲ್ಲಿ ಹೇಳಿದ ಗುಟ್ಟು ಎದುರು ಸಾಲಿನ ಮನೆಗಳಿಗೆ ಕೇಳಿಸುತ್ತಿತ್ತು. ಆದರೂ ಒಂದು ಗುಟ್ಟನ್ನು ಮಾತ್ರ ವರ್ಷಗಟ್ಟಲೆ ಜೋಪಾನ ಮಾಡಿಕೊಂಡು ಬಂದಿದ್ದರು.

ಅಕ್ಕನಿಗೆ ಬೆಂಗಳೂರು ಅಂಗೈಯಷ್ಟು ಚೆನ್ನಾಗಿ ಗೊತ್ತು ಎಂಬುದು ಇಡೀ ಬೀದಿಯ ನಂಬಿಕೆಯಾಗಿತ್ತು. ಮಿಲ್ಲಿನ ಬೆಲ್ಟು, ಕಲ್ಲು, ಜರಡಿ ತರಲು ತಾನು ಆಗಾಗ ಬೆಂಗಳೂರಿಗೆ ಹೋಗಿಬರುವುದಾಗಿ ಅವರೇ ಹೇಳುತ್ತಿದ್ದರು. ಡಬ್ಬ ಹಿಡಿದು ಸಾಲಿನಲ್ಲಿ ಕೂತ ಹೆಂಗಸರಿಗೆ ವಿಧಾನಸೌಧದ ಮೆಟ್ಟಿಲು, ಲಾಲ್‌ಬಾಗಿನ ಗಾಜಿನ ಮನೆ, ರಾಜನ ಅರಮನೆ ಎಲ್ಲವೂ ಮಿಲ್ಲಿನ ಸದ್ದನ್ನೂ ಮೀರಿಸಿದ ದನಿಯಲ್ಲಿ ಬಂದು ತಲುಪುತ್ತಿದ್ದವು. ಅರಮನೆಯಲ್ಲಿ ಆನೆ ಕಟ್ಟುವ ಜಾಗ ಎಲ್ಲಿದೆ ಎಂದು ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಹನುಮಂತನಗರದಲ್ಲಿ. ಆ ಆನೆ ಕಟ್ಟುವ ಜಾಗ ನನಗೇ ಗೊತ್ತಿರಲಿಲ್ಲ.

ಬರೀ ಕತೆಯಾಗಿದ್ದರೆ ಪರವಾಗಿರಲಿಲ್ಲ. ‘ಬೆಂಗಳೂರು ಕಂಡೋಳು’ ಎಂಬ ಆ ಹೆಸರಿನಿಂದಲೇ ಅಕ್ಕನ ಮಾತಿಗೆ ತೂಕವಿತ್ತು. ಮಂಡಿ ನೋವಿಗೆ ಯಾವ ಡಾಕ್ಟರು, ಮಗಳಿಗೆ ಯಾವ ಕಾಲೇಜು, ಕೊರಟಗೆರೆಯಿಂದ ಬಂದಿರುವ ಸಂಬಂಧಕ್ಕೆ ಹೂಂ ಅನ್ನಬೇಕೋ ಬೇಡವೋ, ಎಲ್ಲಕ್ಕೂ ಹೆಂಗಸರು ಅಕ್ಕನನ್ನೇ ಕೇಳುತ್ತಿದ್ದರು. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸಿಗೆ ಆ ಬೀದಿಯಲ್ಲಿ ಸಿಕ್ಕಿದ್ದ ಮರ್ಯಾದೆಯೆಲ್ಲ ಅದೇ ಆಗಿತ್ತು.

ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಅಜ್ಜಿ, ಅಕ್ಕಿ ಬೀಸಿಸಲು ಬಂದವಳು, ಎಲ್ಲರೆದುರು ಕೇಳಿಯೇಬಿಟ್ಟಳಂತೆ. ಇಷ್ಟೆಲ್ಲ ಹೇಳ್ತೀಯಲ್ಲ, ನಮ್ಮನ್ನೂ ಒಂದು ದಿನ ಕರೆದುಕೊಂಡು ಹೋಗಿ ಬೆಂಗಳೂರು ತೋರಿಸು ಎಂದು. ಸಿರಾದಿಂದ ಬಂದು ನೆಲೆಸಿದ್ದ ಟೈಲರ್ ಹೆಂಗಸು, ಬೀದಿಗೆಲ್ಲ ಆಪಾ, ಅಲ್ಲೇ ಬೆರಳು ಮಡಿಚಿ ಹೆಸರು ಎಣಿಸಿದರಂತೆ. ಅಕ್ಕ ಬೇಡ ಅನ್ನುವಷ್ಟರಲ್ಲಿ ಒಂದು ಟೆಂಪೋ ಭರ್ತಿಯಾಗಿತ್ತು. ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ ಇತ್ತು ನಿಜ. ಆದರೆ ಚಿತ್ರಾನ್ನದ ಪಾತ್ರೆ, ಕೋಡುಬಳೆ ಡಬ್ಬ, ನೀರಿನ ಕೊಳಗ ಹಿಡಿದುಕೊಂಡು ಊರೆಲ್ಲ ಸುತ್ತುವವರನ್ನು ಯಾವ ಕಂಡಕ್ಟರು ಹತ್ತಿಸಿಕೊಂಡಾನು?

ಆ ಸಂಜೆ ಅಕ್ಕ ಮೆಟ್ಟಿಲು ಹತ್ತಿ ನನ್ನ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಚಿಲಕವನ್ನೂ ಹಾಕಿದರು.

“ಟೀಚರಮ್ಮ, ನಾನು ಬೆಂಗ್ಳೂರ್ನ ಟೀವಿನಾಗ್ ಬುಟ್ರೆ ಕಣ್ಣಾಗ್ ಕಂಡಿಲ್ಲ ಕಣಮ್ಮ. ಈಗ ಮುಖ ಎಲ್ಲಿಟ್ಕಳ್ಳಿ?”

ಅವರ ದನಿ ಗೊತ್ತಲ್ಲ. ನಾನು ಓಡಿಹೋಗಿ ಕಿಟಕಿ ಮುಚ್ಚಿದೆ.

ಅಂದಿನಿಂದ ಪಾಠ ಶುರುವಾಯಿತು. ಕರೆಂಟ್ ಹೋದಾಗ ಮಿಲ್ಲು ನಿಲ್ಲುತ್ತಿತ್ತು, ಆಗ ಅಕ್ಕ ನನ್ನನ್ನು ಕೆಳಗೆ ಕರೆಯುತ್ತಿದ್ದರು. ನೆಲದ ಮೇಲೆ ಚೆಲ್ಲಿದ್ದ ಹಿಟ್ಟನ್ನು ಪೊರಕೆಯಿಂದ ಸಮನಾಗಿ ಹರಡಿ, ಬರಿ ಅನ್ನುತ್ತಿದ್ದರು. ನಾನು ಬೆರಳಿನಿಂದ ಬೆಂಗಳೂರು ಬರೆಯುತ್ತಿದ್ದೆ. ತುಮಕೂರು ರಸ್ತೆ, ಯಶವಂತಪುರ, ಆಮೇಲೆ ಹೀಗೆ ಬಂದರೆ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಹೈಕೋರ್ಟು, ಅದರ ಬೆನ್ನಿಗೆ ಕಬ್ಬನ್ ಪಾರ್ಕು, ಈ ಕಡೆ ಕೆಳಗೆ ಲಾಲ್‌ಬಾಗು. ಅವರಿಗೆ ಅದು ಹಾಗೆ ತಲೆಗೆ ಹೋಗುತ್ತಿರಲಿಲ್ಲ. ಎಲ್ಲವನ್ನೂ ಮಧುಗಿರಿಗೆ ಇಳಿಸಿಕೊಳ್ಳಬೇಕಿತ್ತು. ವಿಧಾನಸೌಧವೆಂದರೆ ನಮ್ಮ ತಾಲೂಕಾಫೀಸು, ಹೈಕೋರ್ಟು ಅದರ ಎದುರಿನ ಜೆರಾಕ್ಸ್ ಅಂಗಡಿ, ಕಬ್ಬನ್ ಪಾರ್ಕು ದಂಡಿನ ಮಾರಮ್ಮನ ಗುಡಿಯ ಬಯಲು. ಹಾಗಾದರೆ ಜೆರಾಕ್ಸ್ ಅಂಗಡಿ ದಾಟಿ ಎಡಕ್ಕೆ ತಿರುಗಿದರೆ ಮಾರಮ್ಮ ಸಿಗಬೇಕಲ್ಲ, ಸಿಗುತ್ತಾಳಾ ಎಂದು ಕೇಳುತ್ತಿದ್ದರು. ಸಿಗುತ್ತಾಳೆ ಎನ್ನುತ್ತಿದ್ದೆ. ಕರೆಂಟ್ ಬಂದ ಕೂಡಲೇ ಬೆಂಗಳೂರನ್ನು ಗುಡಿಸಿ ಮೊರಕ್ಕೆ ತುಂಬುತ್ತಿದ್ದರು.

ನಾನು ಜೊತೆಗೆ ಬರಬೇಕು, ಆದರೆ ಬಾಯಿ ಬಿಡಬಾರದು ಎಂದು ಒಪ್ಪಂದವಾಯಿತು. ಅಕ್ಕ ಎಲ್ಲಾದರೂ ತಪ್ಪಿದರೆ ನಾನು ಕೆಮ್ಮಬೇಕು. ಮಿಲ್ಲಿನ ಪಕ್ಕದಲ್ಲೇ ಆಯಸ್ಸು ಕಳೆದವರಿಗೆ ಕೆಮ್ಮು ಹೇಗೆ ಕೇಳಿಸೀತು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹೊರಟ ದಿನ ಅಕ್ಕ ಮಿಲ್ಲಿನ ಬೀಗವನ್ನು ಜಗ್ಗಿ ನೋಡಿ ಟೆಂಪೋ ಹತ್ತಿದರು, ಇಳಿದು ಹೋಗಿ ಮತ್ತೆ ಜಗ್ಗಿದರು. ಮೈಸೂರು ಸಿಲ್ಕ್ ಸೀರೆ, ಹಿಟ್ಟಿಲ್ಲದ ಮುಖ. ಅವರ ಮೂಗುತಿಯ ಹರಳು ಕೆಂಪು ಎಂದು ನನಗೆ ಗೊತ್ತಾಗಿದ್ದು ಅವತ್ತೇ. ಡ್ರೈವರ್ ಪಾವಗಡದ ಕಡೆಯವನು, ನೇರವಾಗಿ ಬೆಂಗಳೂರಿಗೆ ಬಿಡುತ್ತೇನೆಂದು ಉತ್ಸಾಹದಿಂದಿದ್ದ. ಆದರೆ ನಮ್ಮ ಕಡೆ ಗೊರವನಹಳ್ಳಿ ಲಕ್ಷ್ಮಿಗೆ ಕೈ ಮುಗಿಯದೆ ಯಾವ ಟೆಂಪೋ ತಾನೆ ಮುಂದಕ್ಕೆ ಹೋಗಿದೆ? ಅಲ್ಲಿ ಕ್ಯೂ. ಅಲ್ಲಿಂದ ಹೊರಟರೆ ಹೂವಿನಜ್ಜಿಯ ತಂಗಿಯ ಮನೆ ಹೊಳವನಹಳ್ಳಿಯಲ್ಲಿ. ಇಷ್ಟು ಹತ್ತಿರ ಬಂದು ಮುಖ ತೋರಿಸದೆ ಹೋದರೆ ಅವಳು ಸಾಯುವ ತನಕ ಆಡಿಕೊಳ್ಳುತ್ತಾಳೆ, ಅದೂ ದಾರಿಯಲ್ಲೇ ಅಲ್ಲವೇ ಎಂದಳು ಅಜ್ಜಿ. ಅದು ದಾರಿಯಲ್ಲಿರಲಿಲ್ಲ. ಆ ತಂಗಿ ಟೆಂಪೋದಲ್ಲಿದ್ದ ಪ್ರತಿಯೊಬ್ಬರಿಗೂ ಅರಿಸಿನ ಕುಂಕುಮ ಕೊಟ್ಟು, ಕಾಫಿ ಕೊಟ್ಟು, ಆಪಾಗೆ ಸಕ್ಕರೆ ಹೆಚ್ಚಾಯಿತೆಂದು ಮತ್ತೆ ಕಾಫಿ ಮಾಡಿ, ಬಿಸಿಲೇರಿದ ಮೇಲೆ ಕಳಿಸಿದಳು. “ಏಮಮ್ಮಾ, ಇನ್ನು ವಾಪಸ್ ನೆಲಮಂಗಲಕ್ಕೆ ಹೋದ್ರೆ ಟೈಮ್ ಲೇದು” ಎಂದು ತೆಲುಗು ಬೆರೆಸಿ ಹೇಳಿ ಡ್ರೈವರ್ ದೊಡ್ಡಬಳ್ಳಾಪುರದ ದಾರಿ ಹಿಡಿದ.

ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಪಾತ್ರೆ ಹಿಡಿದು ಕೂತಿದ್ದ ನಾನು ಕತ್ತು ಚಾಚಿ ರಸ್ತೆ ನೋಡಿದೆ. ನಾವು ಹಿಟ್ಟಿನಲ್ಲಿ ಬರೆದಿದ್ದ ಬೆಂಗಳೂರಿಗೆ ಬಾಗಿಲಿದ್ದದ್ದು ತುಮಕೂರು ರಸ್ತೆಯಲ್ಲಿ. ಈಗ ನಾವು ಹೆಬ್ಬಾಳದಿಂದ ಒಳಗೆ ನುಗ್ಗುತ್ತಿದ್ದೆವು. ಅಕ್ಕ ಮುಂದಿನ ಸೀಟಿನಲ್ಲಿ ಕೂತು ಯಶವಂತಪುರಕ್ಕಾಗಿ ಕಾಯುತ್ತಿದ್ದರು. ಅದು ಬರಲೇ ಇಲ್ಲ. ಫ್ಲೈಓವರ್ ಬಂತು, ಅದರ ಮೇಲೆ ಇನ್ನೊಂದು ಬಂತು. ನಾನು ಕೆಮ್ಮಿದೆ. ಅಕ್ಕ ತಿರುಗಲಿಲ್ಲ. ಜೋರಾಗಿ ಕೆಮ್ಮಿದೆ. ಪಕ್ಕದವರು ಶುಂಠಿ ಕೊಟ್ಟರು. ಮತ್ತೆ ಕೆಮ್ಮಿದ್ದಕ್ಕೆ ಕಿಟಕಿ ಮುಚ್ಚಿ ನನ್ನ ತಲೆಗೆ ಸ್ಕಾರ್ಫ್ ಸುತ್ತಿದರು.

ಅಷ್ಟರಲ್ಲಿ ರಸ್ತೆಯ ಪಕ್ಕ ಕಂಡಿತು. ಎತ್ತರದ ಬಿಳಿ ಗೋಪುರಗಳು, ಕಮಾನು, ಎರಡೂ ಕಡೆ ಸೊಂಡಿಲೆತ್ತಿದ ಆನೆಗಳು. ಅಕ್ಕನಿಗೆ ಹೋದ ಜೀವ ಬಂದಂತಾಗಿರಬೇಕು. ಅರಮನೆ ಎಂದು ಇಡೀ ಬಳ್ಳಾರಿ ರಸ್ತೆಗೆ ಕೇಳುವಂತೆ ಸಾರಿ, ಟೆಂಪೋ ನಿಲ್ಲಿಸಿಯೇಬಿಟ್ಟರು. ನಾನು ಸ್ಕಾರ್ಫ್ ಬಿಡಿಸಿಕೊಂಡು, ಪಾತ್ರೆ ಕೆಳಗಿಟ್ಟು ಇಳಿಯುವ ಹೊತ್ತಿಗೆ ಅವರೆಲ್ಲ ಕಮಾನು ದಾಟಿಯಾಗಿತ್ತು. ಅದು ಅರಮನೆ ಮೈದಾನದಲ್ಲಿ ಯಾರೋ ದೊಡ್ಡವರು ಮದುವೆಗೆಂದು ಹಾಕಿಸಿದ್ದ ಸೆಟ್ಟು.

ಬಾಗಿಲಲ್ಲಿ ನಿಂತ ಹುಡುಗಿಯರು ರೇಷ್ಮೆ ಸೀರೆಯ ಈ ದಂಡನ್ನು ನೋಡಿ ಪನ್ನೀರು ಚಿಮುಕಿಸಿ, ಕಲ್ಲುಸಕ್ಕರೆ ಕೊಟ್ಟು, ಊಟದ ಹೊತ್ತಾಗಿದೆ ಬನ್ನಿ ಎಂದು ಒಳಗೆ ಕರೆದೊಯ್ದರು. ಅರಮನೆಗೆ ಬಂದವರಿಗೆ ಪನ್ನೀರು ಹಾಕುವುದು ರಾಜರ ಕಾಲದಿಂದ ಇರುವ ಪದ್ಧತಿ ಎಂದು ಅಕ್ಕ ವಿವರಿಸಿದರು. ಎಲೆಯ ಮುಂದೆ ಕೂತ ಮೇಲೆ ವೇದಿಕೆಯ ಮೇಲೆ ಹೆಣ್ಣು ಗಂಡು ಕಂಡರು. ಅಕ್ಕ ಒಂದು ಸಲ ಅವರನ್ನು ನೋಡಿದರು, ಇನ್ನೊಂದು ಸಲ ಪಕ್ಕದ ಗೋಡೆಯನ್ನು. ಕೈ ಚಾಚಿ ಗೋಡೆಯನ್ನು ಮುಟ್ಟಿದರು. ಗೋಡೆ ಅಲುಗಾಡಿತು.

ಅವರ ಮುಖದ ಬಣ್ಣ ಇಳಿದುಹೋಯಿತು. ನನ್ನ ಕಡೆ ನೋಡಿದರು. ನಾನೇನು ಮಾಡಲಿ, ಕೆಮ್ಮಿ ಪ್ರಯೋಜನವಿರಲಿಲ್ಲ. ಎಲೆಯ ಮೇಲೆ ಒಬ್ಬಟ್ಟು ಬಿತ್ತು, ತುಪ್ಪ ಬಿತ್ತು. ಅಕ್ಕ ಕೈ ಹಚ್ಚಲಿಲ್ಲ. ಆಗ ಪಕ್ಕದಲ್ಲಿ ಕೂತಿದ್ದ ಹೂವಿನಜ್ಜಿ, ತನ್ನ ಪಾಡಿಗೆ ಒಬ್ಬಟ್ಟು ಮುರಿಯುತ್ತ, ತಲೆಯೆತ್ತದೆ ಹೇಳಿದಳು.

“ಉಣ್ಣೇ ಸುಮ್ಕೆ. ಬಸ್ ಸ್ಟ್ಯಾಂಡ್ನಾಗೆ ಹೂವ ಕಟ್ಕಂಡ್ ಕುಂತಿರೋಳು ನಾನು. ಊರ್ ಬುಟ್ಟು ಯಾರ್ ಎಲ್ಗೋದ್ರು ಅಂತ ನಂಗ್ ಗೊತ್ತಾಗ್ದೆ ಇರ್ತದಾ? ನೀನ್ ಒಂದಿನ ಬಸ್ ಹತ್ತಿದ್ದು ಕಂಡಿಲ್ಲ. ನಿನ್ ಬೆಲ್ಟು ತುಮ್ಕೂರ್ ಬಸ್ನಾಗ್ ಬತ್ತದೆ, ಕಂಡಕ್ಟ್ರು ನನ್ ಬುಟ್ಟಿ ತಾವೇ ಇಳಿಸ್ಬುಟ್ಟು ಹೋಗ್ತಾನೆ.”

ಅಕ್ಕ ಸಾಲಿನಲ್ಲಿ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಯಾರೂ ಬೆಚ್ಚಲಿಲ್ಲ. ಎಲ್ಲರಿಗೂ ಎಲ್ಲವೂ ಮೊದಲಿನಿಂದ ಗೊತ್ತಿತ್ತು. ಮತ್ಯಾಕೆ ಇಷ್ಟು ವರ್ಷ ಕೂತು ಕೇಳಿದಿರಿ ಎಂದು ಅಕ್ಕ ಕೇಳಿದರು. ಅದಕ್ಕೆ ಆಪಾ, “ಹಿಟ್ಟಾಗೋ ತನ್ಕ ಏನಾರಾ ಕೇಳ್ಬೇಕಲ್ಲ ಅಕ್ಕ” ಎಂದರು. ಅಜ್ಜಿ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. “ನಾವೇ ಇಂಗೆ ಹೊಂಡಿಸ್ದೆ ಇದ್ದಿದ್ರೆ ನೀನ್ ಸಾಯೋದ್ರೊಳ್ಗೆ ಬೆಂಗ್ಳೂರ್ ನೋಡ್ತಿದ್ದಾ?”

ಯಾರ ಪ್ರವಾಸವನ್ನು ಯಾರು ಗೊತ್ತು ಮಾಡಿದ್ದು ಎಂದು ನನಗೆ ತಿಳಿದದ್ದು ಆಗ. ಅಕ್ಕ ಕಣ್ಣೊರೆಸಿಕೊಂಡರು, ಮೂಗೊರೆಸಿಕೊಂಡರು, ಆಮೇಲೆ ಒಬ್ಬಟ್ಟಿಗೆ ಕೈ ಹಾಕಿದರು. ಬಡಿಸುವವನು ಮತ್ತೆ ಬಂದಾಗ ಬೇಡ ಅನ್ನಲಿಲ್ಲ.

ಉಂಡ ಮೇಲೆ ಇನ್ನೊಂದು ತಾಪತ್ರಯ. ಮದುವೆಯಲ್ಲಿ ಉಂಡು ಮುಯ್ಯಿ ಮಾಡದೆ ಎದ್ದು ಹೋಗುವುದುಂಟೇ? ಆಪಾ ಎಲ್ಲರಿಂದ ಸೇರಿಸಿ ಒಂದು ಕವರು ಮಾಡಿದರು. ನಾವೆಲ್ಲ ವೇದಿಕೆ ಹತ್ತಿದೆವು. ಹೂವಿನಜ್ಜಿ ತನ್ನ ಮುಡಿಯ ಮಲ್ಲಿಗೆ ತೆಗೆದು ಮದುಮಗಳಿಗೆ ಮುಡಿಸಿದಳು, ಆ ಮಗು ಬಗ್ಗಿ ಅಜ್ಜಿಯ ಕಾಲು ಮುಟ್ಟಿತು. ಫೋಟೋ ತೆಗೆದರು. ಇವತ್ತಿಗೂ ಯಾರದ್ದೋ ಮದುವೆ ಆಲ್ಬಮ್ಮಿನಲ್ಲಿ ಮಧುಗಿರಿಯ ಒಂದು ಟೆಂಪೋ ಹೆಂಗಸರು ನಗುತ್ತ ನಿಂತಿದ್ದಾರೆ. ಹೆಣ್ಣಿನವರು ನಮ್ಮನ್ನು ಗಂಡಿನವರೆಂದೂ, ಗಂಡಿನವರು ಹೆಣ್ಣಿನವರೆಂದೂ ತಿಳಿದುಕೊಂಡಿರುತ್ತಾರೆ.

ವಿಧಾನಸೌಧವನ್ನು ನಾವು ರಸ್ತೆಯಾಚೆಯಿಂದಲೇ ನೋಡಿದ್ದು. ಅಕ್ಕ ಎಂದಿನ ದನಿಯಲ್ಲಿ ಅದರ ಒಳಗಿನ ಸಮಾಚಾರ ಹೇಳತೊಡಗಿದಾಗ ಪೊಲೀಸಿನವನೊಬ್ಬ ಗಲಾಟೆ ಅಂದುಕೊಂಡು ಓಡಿಬಂದ. ಪ್ರತಿಭಟನೆಗೆ ಬೇರೆ ಕಡೆ ಜಾಗವಿದೆ, ಇಲ್ಲಿ ಕೂಗಬಾರದು ಎಂದ. ಅವನಿಗೆ ಕೋಡುಬಳೆ ಕೊಟ್ಟು ಸಮಾಧಾನ ಮಾಡಿ ಲಾಲ್‌ಬಾಗಿಗೆ ಹೋದೆವು. ಅಲ್ಲಿನ ಬಂಡೆ ನೋಡಿ ಹೆಂಗಸರು ನಕ್ಕು ನಕ್ಕು ಸುಸ್ತಾದರು. ದಿನಾ ಬೆಳಿಗ್ಗೆ ಮಧುಗಿರಿ ಬೆಟ್ಟ ನೋಡಿಕೊಂಡು ಮುಖ ತೊಳೆಯುವವರು ಅವರು. ಇದನ್ನು ನೋಡಲು ಟಿಕೆಟ್ಟು ಬೇರೆಯಾ ಎಂದು ಕೇಳಿ, ಎರಡೇ ಉಸಿರಿಗೆ ಮೇಲಕ್ಕೆ ಹತ್ತಿದರು.

ಮೇಲೆ ಗಾಳಿಯಿತ್ತು. ಸುತ್ತ ಎಲ್ಲಿ ನೋಡಿದರೂ ಕಟ್ಟಡ, ಅದರಾಚೆ ಕಟ್ಟಡ, ಕಣ್ಣು ಸೋಲುವವರೆಗೂ ಊರು. ಅಕ್ಕ ಸೆರಗನ್ನು ಬಿಗಿಯಾಗಿ ಹೊದ್ದು ಬಹಳ ಹೊತ್ತು ನಿಂತರು. ಆಮೇಲೆ, “ಇಷ್ಟ್ ದೊಡ್ಡದಾ...” ಎಂದರು. ಎಷ್ಟು ಮೆಲ್ಲಗೆ ಅಂದರೆ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಅವರಿಗೆ ಮೆಲುದನಿಯೂ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಅಜ್ಜಿ ದೂರದ ಒಂದು ಎತ್ತರದ ಕಟ್ಟಡ ತೋರಿಸಿ, ಅದೇನಕ್ಕ ಎಂದು ಕೇಳಿದಳು. ಅವತ್ತಿನ ತನಕ ಅವಳು ಅಕ್ಕನನ್ನು ಅಕ್ಕ ಎಂದು ಕರೆದವಳಲ್ಲ. ವಯಸ್ಸಿನಲ್ಲಿ ಅವಳೇ ದೊಡ್ಡವಳು. ಅಕ್ಕ ಒಂದು ಕ್ಷಣವೂ ತಡೆಯದೆ, ಅದು ಮಂತ್ರಿಗಳ ಹೆಂಡಿರಿಗೆಂದೇ ಕಟ್ಟಿಸಿದ ಆಸ್ಪತ್ರೆ ಎಂದು ಕೂಗಿ ಹೇಳಿದರು. ಎಲ್ಲರೂ ಹೌದಾ ಎಂದು ಆ ಕಡೆ ತಿರುಗಿ ನೋಡಿದರು. ನಾನೂ ನೋಡಿದೆ.

ಮರುದಿನ ಬೆಳಿಗ್ಗೆ ಮಂಚ ಎಂದಿನಂತೆ ನಡುಗಿತು. ಕೆಳಗೆ ಅರಮನೆಯ ಕತೆ ನಡೆದಿತ್ತು. ರಾಜನ ಮನೆಯವರು ಕೈಹಿಡಿದು ಕರೆದು ಊಟಕ್ಕಿಟ್ಟರಂತೆ. ಜೊತೆಯಲ್ಲಿ ಬಂದಿದ್ದವರೇ ಡಬ್ಬ ಹಿಡಿದು ಕೂತು, ಹೂಂ, ಪನ್ನೀರು ಬೇರೆ ಹಾಕಿದ್ರು ಅನ್ನುತ್ತಿದ್ದರು. ಕೊರಟಗೆರೆಯ ಆ ಸಂಬಂಧವನ್ನು ಕೊನೆಗೂ ಅಕ್ಕ ಹೇಳಿದ ಮೇಲೆಯೇ ಹುಡುಗಿಯ ಮನೆಯವರು ಒಪ್ಪಿಕೊಂಡರು.

ಆಮೇಲೆ ನನಗೆ ಹಾಸನಕ್ಕೆ ವರ್ಗವಾಯಿತು. ಅಕ್ಕ ತೀರಿಕೊಂಡ ಸುದ್ದಿ ತಿಳಿದದ್ದು ಆಪಾ ಕಳಿಸಿದ ಮೆಸೇಜಿನಿಂದ, ಅದೂ ಕಾರ್ಯವೆಲ್ಲ ಮುಗಿದ ಮೇಲೆ. ಹೋಗಲಾಗಲಿಲ್ಲ. ಹೋಗಬೇಕಿತ್ತು... ಭಾನುವಾರ ಮನೆಗೆ ಬಂದು, ಹಿಟ್ಟಿನ ಚೀಲ ಇಳಿಸಿ, ಹೂವಿನಜ್ಜಿಗೆ ಫೋನ್ ಮಾಡಿದೆ. ಅವಳಿಗೀಗ ತನ್ನದೇ ಫೋನಿದೆ. ಮೊನ್ನೆ ಎಲ್ಲರೂ ಸೇರಿ ಮೈಸೂರಿಗೆ ಹೋಗಿ ಬಂದರಂತೆ. ಈ ಸಲ ಎಲ್ಲವೂ ಅಚ್ಚುಕಟ್ಟು, ಹೊತ್ತಿಗೆ ಸರಿಯಾಗಿ ಹೋಗಿ, ಕಲಿತ ಗೈಡನ್ನೇ ಗೊತ್ತು ಮಾಡಿಕೊಂಡಿದ್ದರಂತೆ. ಹೇಗಿತ್ತು ಎಂದು ಕೇಳಿದೆ.

“ಅವ್ನಿಗೆ ಎಲ್ಲಾ ಗೊತ್ತಿತ್ತು ಕಣ್ ಟೀಚರಮ್ಮ. ಒಂದೂ ತಪ್ ಹೇಳ್ಲಿಲ್ಲ” ಎಂದಳು. “ನಮ್ಮೋರು ಒಬ್ರೂ ಕೇಳಿಸ್ಕಳ್ಲಿಲ್ಲ.”