ವಾಗ್ದಾನದ ತಟ್ಟೆ

ಒಂಟಿಕೊಪ್ಪಲಿನ ಸುವಾರ್ತಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ವಾರವೆಲ್ಲ ಬಾಯಿ ಮುಚ್ಚಿಕೊಂಡು ದುಡಿದದ್ದರ ಸೇಡನ್ನು ಭಾನುವಾರ ತೀರಿಸಿಕೊಳ್ಳುತ್ತಿದ್ದರು. ಆರಾಧನೆ ಮುಗಿಯಿತೋ ಇಲ್ಲವೋ, ಚರ್ಚಿನ ಜಗಲಿಯಲ್ಲಿ ಅವರಿಗೂ ದರ್ಜಿ ಚಿಕ್ಕಣ್ಣನಿಗೂ ಜಟಾಪಟಿ ಶುರು. ಯಾರು ಉದ್ಧಾರವಾಗಬೇಕು, ಯಾರು ಹಾಳಾಗಬೇಕು ಎಂಬುದನ್ನು ಲೋಕ ಹುಟ್ಟುವ ಮೊದಲೇ ದೇವರು ಗೊತ್ತುಮಾಡಿದ್ದಾನೆ ಎಂದು ಸುವಾರ್ತಪ್ಪನವರ ವಾದ. ಹಾಗಾದರೆ ನಮಗೆ ಬುದ್ಧಿ ಯಾಕೆ ಕೊಟ್ಟ, ಆರಿಸಿಕೊಳ್ಳುವುದು ನಮ್ಮ ಕೈಲೇ ಇದೆ ಎಂದು ಚಿಕ್ಕಣ್ಣ.

“ಹೊಸ ವರ್ಷದ ಚೀಟಿ ನೀನಾಗೇ ಎತ್ಕೋತೀಯ ಅಂದ್ಕೊಂಡಿದೀಯೇನಯ್ಯ? ಆ ಕೈನೂ ಅವನೇ ಆಡ್ಸೋದು!” ಎಂದು ಸುವಾರ್ತಪ್ಪ ತೊಡೆ ತಟ್ಟುತ್ತಿದ್ದರು. ಹೆಂಡತಿ ಸುಮಿತ್ರಮ್ಮ ಮೆಟ್ಟಿಲ ಬಳಿ ಕೊಡೆ ಹಿಡಿದು ಕಾಯುತ್ತ, ಈ ವಾರವೂ ತಮ್ಮವರೇ ಗೆದ್ದರೆಂದು ಹಿಗ್ಗುತ್ತಿದ್ದರು.

ಚೀಟಿಯ ಪದ್ಧತಿ ಆ ಸಭೆಯಲ್ಲಿ ಹಳೆಯದು. ಹೊಸ ವರ್ಷದ ಬೆಳಿಗ್ಗೆ ದೇವರ ವಾಗ್ದಾನಗಳನ್ನು ಬರೆದು ಸುರುಳಿ ಸುತ್ತಿದ ಚೀಟಿಗಳನ್ನು ಹಿತ್ತಾಳೆ ತಟ್ಟೆಯಲ್ಲಿ ತರುತ್ತಾರೆ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡರೆ, ಸಿಕ್ಕಿದ್ದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ತಟ್ಟೆ ಹಿಡಿಯುವ ಕೆಲಸ ಸುವಾರ್ತಪ್ಪನವರದು.

೧೯೫೮ರ ಕೊನೆಯಲ್ಲಿ ಸುಮಿತ್ರಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ತಡಮಾಡದೆ ಕೊಯ್ದು ತೆಗೆಯಬೇಕೆಂದರು ಡಾಕ್ಟರಮ್ಮ. ಆಪರೇಷನ್ ಎಂದರೆ ಸುಮಿತ್ರಮ್ಮನಿಗೆ ಪ್ರಾಣಭಯ. ದಿನಕ್ಕೊಂದು ನೆಪ ಹೇಳಿದರು. ಸೋತುಹೋದ ಸುವಾರ್ತಪ್ಪ ಹೊಸ ವರ್ಷದ ದಿನ ಮಾಡಬಾರದ್ದನ್ನು ಮಾಡಿದರು. ‘ನಿನ್ನನ್ನು ಗುಣಪಡಿಸುವೆನು’ ಎಂಬ ಚೀಟಿಯನ್ನು ಹೆಬ್ಬೆರಳಿನಡಿ ಬಚ್ಚಿಟ್ಟುಕೊಂಡು, ಹೆಂಡತಿ ಕಣ್ಣು ಮುಚ್ಚಿ ಕೈ ಚಾಚಿದಾಗ ಆಕೆಯ ಬೆರಳಿಗೇ ತಾಗುವಂತೆ ಬಿಟ್ಟರು. ಧೈರ್ಯ ಬಂದು ಆಸ್ಪತ್ರೆಗೆ ಹೊರಟರೆ ಸಾಕು ಎಂಬುದಷ್ಟೇ ಆಸೆ.

ಚೀಟಿ ಓದಿ ಸುಮಿತ್ರಮ್ಮ ಸಂತೋಷಕ್ಕೆ ಅತ್ತರು. “ಇನ್ನು ಆಸ್ಪತ್ರೆ ಯಾಕ್ರೀ? ದೇವ್ರೇ ವಾಸಿ ಮಾಡ್ತೀನಿ ಅಂದ್ಬುಟ್ನಲ್ಲ!”

ಅಯ್ಯೋ, ಮಾಡಲು ಹೋಗಿದ್ದೇನು, ಆದದ್ದೇನು! ನಿಜ ಹೇಳಬೇಕೆಂದು ಸುವಾರ್ತಪ್ಪ ದಿನಾ ಬಾಯಿ ತೆರೆದರು. ಆಕೆಯ ಮುಖದ ನೆಮ್ಮದಿ ನೋಡಿ ಮುಚ್ಚಿಕೊಂಡರು. ಜಗಲಿಯಲ್ಲಿ ಅಷ್ಟು ಹಾರಾಡುವ ಮನುಷ್ಯನಿಗೆ ಮನೆಯಲ್ಲಿ ಒಂದು ಮಾತು ಹೊರಡಲಿಲ್ಲ. ಬೇಸಿಗೆಯ ಹೊತ್ತಿಗೆ ಗಂಟು ಕಂಕುಳಿಗೂ ಹಬ್ಬಿತು. ಆಗ ಆಕೆಯ ಮಂಚದ ಬಳಿ ಕುಳಿತು ಎಲ್ಲ ಹೇಳಿಬಿಟ್ಟರು.

“ದೇವ್ರು ಕೊಟ್ಟಿದ್ದಲ್ಲ ಕಣೆ, ನಾನು ಇಟ್ಟಿದ್ದು. ಈಗ್ಲಾದ್ರೂ ಏಳು, ಹೋಗಣ.”

ಸುಮಿತ್ರಮ್ಮ ಸಿಟ್ಟಾಗಲಿಲ್ಲ, ನಕ್ಕರು. “ಕೈನೂ ಅವನೇ ಆಡ್ಸೋದು ಅಂತ ನೀವೇ ಹೇಳ್ತಿದ್ರಲ್ರೀ. ನಿಮ್ಮ ಕೈನ ಇನ್ಯಾರು ಆಡ್ಸಿದ್ರು?”

ಸುವಾರ್ತಪ್ಪ ಅಳುತ್ತ ಚಿಕ್ಕಣ್ಣನ ವಾದವನ್ನೆಲ್ಲ ತಾವೇ ಮಾಡಿದರು. ಆಕೆ ಒಪ್ಪಲಿಲ್ಲ. ಕೊನೆಗೆ ಚಿಕ್ಕಣ್ಣನನ್ನೇ ಕರೆತಂದರು. “ಪಾಪ, ನೀವು ಯಾವಾಗ್ಲೂ ಸೋಲೋರು ಚಿಕ್ಕಣ್ಣನೋರೆ,” ಎಂದು ಸುಮಿತ್ರಮ್ಮ ಅವನಿಗೆ ಕಾಫಿ ಮಾಡಿಕೊಡಲು ಏಳಹೋದರು. ಏಳಲಾಗಲಿಲ್ಲ.

ದಸರೆಗೆ ಮುಂಚೆಯೇ ಹೋಗಿಬಿಟ್ಟರು.

ಸಮಾಧಿಗೆ ಮಣ್ಣು ಹಾಕಿ ಎಲ್ಲರೂ ಹೊರಟ ಮೇಲೂ ಚಿಕ್ಕಣ್ಣ ನಿಂತಿದ್ದ. ಗೆಳೆಯನ ಸಂಕಟ ನೋಡಲಾರದೆ, ಹುಟ್ಟಿದಾಗಿನಿಂದ ಬಿಟ್ಟುಕೊಡದ ಪಟ್ಟನ್ನು ಅಂದು ಬಿಟ್ಟುಕೊಟ್ಟ. “ಎಲ್ಲಾ ಅವನು ಮೊದ್ಲೇ ಗೊತ್ತುಮಾಡಿದ್ದು ಕಣಣ್ಣ. ನೀವೇ ಗೆದ್ರಿ.”

ಸುವಾರ್ತಪ್ಪ ಮಣ್ಣು ಮೆತ್ತಿದ ಹೆಬ್ಬೆರಳನ್ನು ನೋಡಿಕೊಂಡರು.

“ಇಲ್ಲ ಕಣೋ ಚಿಕ್ಕಣ್ಣ,” ಎಂದರು. “ಇದು ನನ್ನ ಕೈ.”