ಯಾರ ಕಡೆಯ ಹಾಡು?

ಅವರ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಆ ಎರಡು ತುದಿಗಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಸೇರಿಸಿ ಹಿಡಿದುಕೊಂಡರೆಂದರೆ ಕೇಳುತ್ತಿರುವ ಹಾಡಿನ ಮೇಲೆ ಅವರಿಗೆ ಅನುಮಾನ ಬಂದಿದೆ ಎಂದೇ ಅರ್ಥ. ಕಿವಿ ಹರಿದದ್ದು ಹೇಗೆ ಎಂದು ನಾನು ಕೇಳಿದಾಗ, ಚಿಕ್ಕಂದಿನಲ್ಲಿ ಎಮ್ಮೆಕರು ಓಲೆಯನ್ನು ಬಾಯಿಗೆ ಹಾಕಿಕೊಂಡಿತ್ತು ಎಂದಿದ್ದರು. ಗ್ಯಾಸ್ ತರುವವನಿಗೆ ಕಳ್ಳ ಕಿತ್ತುಕೊಂಡು ಹೋದ ಎಂದು ಹೇಳಿದ್ದನ್ನು ನಾನೇ ಮೆಟ್ಟಿಲ ಮೇಲಿಂದ ಕೇಳಿಸಿಕೊಂಡಿದ್ದೇನೆ. ಎಮ್ಮೆಕರುವಿನ ಕಥೆ ನನಗೆ ಹೆಚ್ಚು ಇಷ್ಟ. ಇಷ್ಟವಾದದ್ದಕ್ಕೇ ಅದು ನಿಜವಿರಲಾರದು ಎಂದೂ ಅನ್ನಿಸುತ್ತದೆ.

ಬಾಡಿಗೆಯವರೆಲ್ಲ ಅವರನ್ನು ಓನರ್ ಆಂಟಿ ಎನ್ನುತ್ತಿದ್ದೆವು. ಶ್ರೀಗಂಧದ ಕಾವಲ್‌ನಲ್ಲಿ ಅವರ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದ ಒಂದು ತುಂಡಿನ ಮೇಲೆ ಮೂರಂತಸ್ತಿನ ಮನೆ ಎದ್ದಿತ್ತು. ಗಂಡ ತೀರಿಕೊಂಡ ಮೇಲೆ ಕೆಳಗೆ ಅವರೊಬ್ಬರೇ. ಮೇಲಿನ ಮನೆಗಳಲ್ಲಿ ನಾವು. ಜ್ಞಾನಭಾರತಿಯಲ್ಲಿ ಎಂಎ ಮುಗಿಸಿ ಹತ್ತಿರದ ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿದ್ದ ನಾನು, ಒಂಟಿ ಹೆಂಗಸೆಂದು ಎರಡು ಮೂರು ಕಡೆ ಬೇಡವೆನ್ನಿಸಿಕೊಂಡು ಅವರ ಬಾಗಿಲಿಗೆ ಬಂದಿದ್ದೆ. ಅವರು ಆಧಾರ್ ಕಾರ್ಡ್ ಕೇಳಲಿಲ್ಲ. ಮದುವೆ ಯಾಕಾಗಿಲ್ಲ ಎಂದೂ ಕೇಳಲಿಲ್ಲ. ಹಾಲ್‌ನಲ್ಲಿ ಕೂರಿಸಿ, ಮುಂದೆ ಒಂದು ಮೊರದ ತುಂಬ ನೆನೆಸಿದ ಅವರೆಕಾಳು ಇಟ್ಟು, ಹಳೆಯ ಟೇಪ್‌ರೆಕಾರ್ಡರಿಗೆ ಒಂದು ಭಾವಗೀತೆಯ ಕ್ಯಾಸೆಟ್ ಹಾಕಿದರು. "ಹಿತುಕ್ತಾ ಕೇಳು. ಎರಡೂ ಸೈಡು ಮುಗೀಲಿ, ಆಮೇಲೆ ಮನೆ ತೋರಿಸ್ತೀನಿ."

ಅದು ಪರೀಕ್ಷೆಯೆಂದು ಆಗ ನನಗೆ ತಿಳಿಯಲಿಲ್ಲ. ನನಗಿಂತ ಮುಂಚೆ ಬಂದಿದ್ದ ಹುಡುಗರಿಬ್ಬರು ಎರಡನೇ ಹಾಡಿಗೇ ಫೋನ್ ತೆಗೆದರಂತೆ. "ಒಂದ್ ಗಂಟೆ ಹಾಡು ಕೇಳಕ್ಕಾಗದೋರು ಹನ್ನೊಂದ್ ತಿಂಗ್ಳು ನೆಟ್ಟಗಿರ್ತಾರಾ?" ಎಂದು ಆಮೇಲೆ ನಕ್ಕರು. ನಾನು ಪಾಸಾಗಿದ್ದು ಸಂಗೀತಪ್ರೇಮದಿಂದಲ್ಲ. ಮನೆ ಸಿಗದೇ ಹೋದೀತೆಂಬ ಭಯಕ್ಕೆ ಅಲುಗಾಡದೆ ಕೂತಿದ್ದೆ. ಅದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ.

ಹಾಲಿನವನ ಅಳತೆಯಿಂದ ಹಿಡಿದು ಟ್ಯಾಂಕಿನ ಮುಚ್ಚಳದವರೆಗೆ ಅವರಿಗೆ ಎಲ್ಲದರ ಮೇಲೂ ಗುಮಾನಿ. ಆದರೆ ಆ ಗುಮಾನಿ ಅತ್ಯಂತ ಚೂಪಾಗುತ್ತಿದ್ದದ್ದು ಹಾಡು ಕೇಳುವಾಗ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಒಂದು ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದರು. ನಡುವೆ ಒಂದು ಹಾಡನ್ನು ಹಾರಿಸುವಂತಿಲ್ಲ, ಇಷ್ಟವಾದದ್ದನ್ನು ಮತ್ತೆ ಹಾಕುವಂತಿಲ್ಲ. ಕೈಗೆ ಏನಾದರೂ ಕೆಲಸ ಇರಲೇಬೇಕು. ಅವರೆಕಾಯಿ ಕಾಲವಲ್ಲದಿದ್ದರೆ ಹುಣಸೆಹಣ್ಣಿನ ಬೀಜ ತೆಗೆಯುವುದು, ಹೂ ಕಟ್ಟುವುದು. ಕೇಳುತ್ತ ಕೇಳುತ್ತ ಒಂದು ಕಡೆ ಕಿವಿಹಾಲೆ ಹಿಡಿದು ತಲೆ ಎತ್ತುತ್ತಿದ್ದರು.

"ಇದ್ಯಾರ್ ಕಡೇದು?"

ಮದುವೆಮನೆಯಲ್ಲಿ ಗುರುತಿಲ್ಲದ ಮುಖ ಕಂಡರೆ ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂದು ಕೇಳುವ ಹಾಗೆಯೇ. ಪ್ರತಿ ಆಲ್ಬಮ್ಮಿನಲ್ಲೂ ಒಂದು ಹಾಡು ಯಾರದೋ ಶಿಫಾರಸ್ಸಿನಿಂದ ಒಳಗೆ ಬಂದಿರುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ದುಡ್ಡು ಹಾಕಿದವನ ಭಾಮೈದ ಬರೆದದ್ದು, ತಬಲದವನನ್ನು ಸಮಾಧಾನಪಡಿಸಲು ಸೇರಿಸಿದ್ದು, ಹೀಗೆ. ಅಂಥ ಒಂದು ಹಾಡೂ ಇಲ್ಲದ ಆಲ್ಬಮ್ಮು ಅವರಿಗೆ ಇನ್ನೂ ಸಿಕ್ಕಿರಲಿಲ್ಲ. ಹುಡುಕುವುದನ್ನು ಬಿಟ್ಟಿರಲಿಲ್ಲ.

ಮೊದಲ ಹಾಡಿನ ಮೇಲಂತೂ ವಿಶೇಷ ಕಣ್ಣು. "ಬಾಗ್ಲಲ್ಲೇ ಕಾಲಿಗೆ ಬೀಳೋ ಹಾಡನ್ನ ನಂಬ್ಬೇಡ ಕಣಮ್ಮ. ಅದಕ್ಕೇನೋ ಬೇಕಾಗಿರುತ್ತೆ." ಕೊನೆಯ ಹಾಡಿನ ಬಗ್ಗೆ ಇನ್ನೊಂದು: "ಹೊರಡ್ತೀನಿ ಹೊರಡ್ತೀನಿ ಅಂತ ಗೇಟ್ ಹತ್ರ ಅರ್ಧ ಗಂಟೆ ನಿಂತ್ಕೊಳೋ ನೆಂಟ್ರ ಥರ ಇರ್ಬಾರ್ದು." ಈ ಮಾತುಗಳನ್ನು ಅವರು ಇದೇ ಪದಗಳಲ್ಲಿ ಹೇಳಿದರೆಂದು ಪ್ರಮಾಣ ಮಾಡಲಾರೆ. ದಿನಚರಿ ಬರೆಯುವ ಅಭ್ಯಾಸವಿದ್ದವರಿಗೆ ಒಂದು ರೋಗವಿರುತ್ತದೆ: ಕೇಳಿದ ಮಾತನ್ನು ಬರೆಯುವಾಗ ಕೊಂಚ ತಿದ್ದುತ್ತೇವೆ, ಆಮೇಲೆ ತಿದ್ದಿದ್ದೇ ನೆನಪಾಗುತ್ತದೆ.

ಒಮ್ಮೆ ನನ್ನದೊಂದು ಆಲ್ಬಮ್ ತೆಗೆದುಕೊಂಡು ಹೋದೆ. ವಿದ್ಯಾರ್ಥಿನಿಯಾಗಿದ್ದಾಗ ಹಾಸ್ಟೆಲಿನಲ್ಲಿ ಕೇಳಿ ಕೇಳಿ ಸವೆಸಿದ್ದು. ಅದರಲ್ಲಿ ಒಂದು ಹಾಡನ್ನೂ ತೆಗೆಯುವಂತಿಲ್ಲ, ಒಂದನ್ನೂ ಸೇರಿಸುವಂತಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಅವರಿಗೆ ಹೇಳಿಯೂ ಬಿಟ್ಟಿದ್ದೆ. ಮೂರು ಹಾಡು ಅವರು ತಲೆ ಎತ್ತಲಿಲ್ಲ. ನಾಲ್ಕನೆಯದಕ್ಕೆ ಕೈ ಕಿವಿಗೆ ಹೋಯಿತು.

"ಈವಮ್ಮ ಯಾರು?"

"ಗಾಯಕಿ, ಆಂಟಿ."

"ಗಾಯಕೀನೇ. ಇಷ್ಟೊತ್ತು ಎಲ್ಲಿದ್ಲು? ಮುಂದೆ ಬರ್ತಾಳಾ?"

ನಾನು ಯೋಚಿಸಿದೆ. ಮುಂದೆ ಬರುವುದಿಲ್ಲ. ಆ ಒಂದೇ ಹಾಡು. ಅಷ್ಟು ವರ್ಷ ಕೇಳಿಯೂ ನನಗೆ ಅದು ವಿಚಿತ್ರವೆನ್ನಿಸಿರಲಿಲ್ಲ.

"ನೋಡ್ದಾ? ಒಂದ್ ಹಾಡು ಕೊಡ್ಲೇಬೇಕಿತ್ತು, ಕೊಟ್ಟವ್ರೆ. ಪಾಪ, ಚೆನ್ನಾಗೇ ಹಾಡವ್ಳೆ."

"ಚೆನ್ನಾಗಿದ್ರೆ ಸಾಕಲ್ವಾ ಆಂಟಿ?"

"ಲೆಕ್ಚರರಮ್ಮ, ಚೆನ್ನಾಗಿರೋರೆಲ್ಲ ಮನೆಯೋರಾಗ್ತಾರಾ?"

ಅವರು ಹೇಳಿದ್ದು ನಿಜವೋ ಬರೀ ಊಹೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಗಾಯಕಿಯ ಹಿಂದೆ ಶಿಫಾರಸ್ಸು ಇತ್ತೆನ್ನಲು ಯಾವ ಆಧಾರವೂ ಇಲ್ಲ. ಆದರೆ ಅಂದಿನಿಂದ ನಾಲ್ಕನೇ ಹಾಡು ಬಂದಾಗ ನನ್ನೊಳಗೆ ಯಾರೋ ಬಾಗಿಲ ಕಡೆ ನೋಡಿದಂತಾಗುತ್ತದೆ. ಒಂದು ಒಳ್ಳೆಯ ಆಲ್ಬಮ್ಮನ್ನು ಅವರು ನನ್ನಿಂದ ಕಿತ್ತುಕೊಂಡರೆಂದು ಬಹಳ ದಿನ ಸಿಟ್ಟಿತ್ತು.

ಅವರಿಗೆ ಒಬ್ಬಳೇ ಮಗಳು. ಕೆಂಗೇರಿಯಲ್ಲಿ ಗಂಡನ ಮನೆ. ಮಕ್ಕಳಿಗೆ ಸಂಗೀತ ಹೇಳಿಕೊಡುತ್ತ, ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದ ಜೊತೆ ಹಾಡುತ್ತಿದ್ದರು. ಆರತಕ್ಷತೆಯ ಹಾಡನ್ನು ಯಾರೂ ಕೇಳುವುದಿಲ್ಲ. ಜನ ಫೋಟೋಗೆ ಸಾಲು ನಿಂತಿರುತ್ತಾರೆ, ಇಲ್ಲವೇ ಪಂಕ್ತಿಯಲ್ಲಿ ಜಾಗ ಹುಡುಕುತ್ತಿರುತ್ತಾರೆ. "ಮೇಡಂ, ನಾನು ಇಷ್ಟು ವರ್ಷ ಜನರ ಬೆನ್ನಿಗೆ ಹಾಡಿದೀನಿ" ಎಂದು ಆಕೆ ಒಮ್ಮೆ ನನ್ನ ಬಳಿ ಹೇಳಿದ್ದರು. ಜನ ಕೂತು, ಮೊದಲಿಂದ ಕೊನೆಯವರೆಗೆ ಕೇಳುವ ಒಂದು ಆಲ್ಬಮ್ ಮಾಡಬೇಕೆಂಬುದು ಅವರ ಆಸೆ. ಹೊಸಬರ ಕವಿತೆಗಳನ್ನು ಆರಿಸಿ, ತಾವೇ ರಾಗ ಹಾಕಿ, ಹಾಡಿ ಮುಗಿಸಿದರು. ಲೋಕಕ್ಕೆ ಬಿಡುವ ಮುಂಚೆ ತಾಯಿಗೆ ಕೇಳಿಸಲು ಬಂದರು. ಅವರೆಕಾಯಿ ಮುಗಿಯುತ್ತ ಬಂದ ಕಾಲ, ಭಾನುವಾರ. ಊಟಕ್ಕೆ ಮುಂಚೆಯೇ ನನ್ನನ್ನೂ ಕೆಳಗೆ ಕರೆದರು.

"ನೀವೂ ಇರಿ ಮೇಡಂ. ನಾನೊಬ್ಳೇ ಸಿಕ್ಕಿದ್ರೆ ನಮ್ಮಮ್ಮ ನನ್ನೇ ಹಿತುಕಿಬಿಡ್ತಾಳೆ."

"ಹಾಕೇ, ಸಾಕು ಪೀಠಿಕೆ" ಎಂದರು ತಾಯಿ.

ಮಗಳು ಪುಟ್ಟ ಸ್ಪೀಕರಿಗೆ ಫೋನ್ ಸೇರಿಸಿದರು. ಮೊದಲ ಹಾಡು ತಣ್ಣಗೆ, ಯಾವ ಒತ್ತಾಯವೂ ಇಲ್ಲದೆ ಶುರುವಾಯಿತು. ಆಂಟಿಯ ಬೆರಳುಗಳು ಕಾಳಿನ ಸಿಪ್ಪೆ ಬಿಡಿಸುತ್ತಲೇ ಇದ್ದವು. ಎರಡು, ಮೂರು, ನಾಲ್ಕು. ಮಗಳು ತಾಯಿಯ ಕೈಯನ್ನೇ ನೋಡುತ್ತಿದ್ದರು. ನಾನು ಇಬ್ಬರನ್ನೂ. ಆರನೆಯದೂ ಮುಗಿಯಿತು. ಅಷ್ಟು ದೂರ ಯಾವ ಆಲ್ಬಮ್ಮೂ ಬಂದಿರಲಿಲ್ಲ.

ಏಳನೆಯದರಲ್ಲಿ ವಾದ್ಯಗಳು ನಿಂತವು. ತಂಬೂರಿಯ ಶ್ರುತಿಯ ಮೇಲೆ ಒಂದು ಮುದಿ ಗಂಟಲು ಹಸೆಗೆ ಕರೆಯುವ ಸೋಬಾನೆ ಪದ ಹಾಡತೊಡಗಿತು. ಆಂಟಿಯದೇ ದನಿ. ಕೆಲಸ ಮಾಡುತ್ತ ಗುನುಗುತ್ತಿದ್ದಾಗ ಮಗಳು ಗೊತ್ತಾಗದಂತೆ ರೆಕಾರ್ಡ್ ಮಾಡಿಕೊಂಡಿದ್ದರು. ಹಿಂದೆ ದೂರದಿಂದ ಮಗಳ ಆಲಾಪ. ನನ್ನ ಕಣ್ಣು ತುಂಬಿತು. ಮಗಳದ್ದು ಆಗಲೇ ತುಂಬಿತ್ತು.

ಆಂಟಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಕಿವಿಹಾಲೆ ಹಿಡಿದುಕೊಂಡರು.

"ಇದ್ಯಾರ್ ಕಡೇದು?"

ಮಗಳು ನಕ್ಕರು. "ನಿಂದೇ ಅಮ್ಮ. ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಅದಕ್ಕೇ ಕೇಳ್ದೆ. ತೆಗಿ."

"ಏನು?"

"ತೆಗಿ ಅದನ್ನ. ಮಿಕ್ಕಿದ್ದೆಲ್ಲ ಚೆನ್ನಾಗದೆ."

"ಅಮ್ಮ, ನೀನು ಚೆನ್ನಾಗಿ ಹಾಡಿದೀಯ ಅಂತ ಹಾಕಿದೀನಿ!"

"ಸುಳ್ಳು. ಅಮ್ಮ ಅಂತ ಹಾಕಿದೀಯ. ಆರು ಹಾಡು ನೀನೇ ಮುಂದೆ ನಿಂತಿದ್ದೆ. ಏಳನೇದಕ್ಕೆ ನನ್ನ ಮುಂದಕ್ಕೆ ತಳ್ಳಿ ನನ್ನ ಸೆರಗಿನ ಹಿಂದೆ ಹೋಗ್ ನಿಂತ್ಕೊಂಡೆ. ಯಾಕೆ, ಭಯವಾಯ್ತಾ?"

ಮಗಳ ಮುಖ ಕೆಂಪಗಾಯಿತು. "ಹಾಲಿನವನ ಮೇಲೆ ಅನುಮಾನ, ಬಾಡಿಗೆಯವ್ರ ಮೇಲೆ ಅನುಮಾನ. ಈಗ ನನ್ನ ಪ್ರೀತಿ ಮೇಲೂ ಅನುಮಾನ ಅಲ್ವಾ ನಿಂಗೆ?"

"ಪ್ರೀತಿ ಮೇಲಿಲ್ಲ ಕಣೇ. ಹಾಡಿನ ಮೇಲೆ."

ಎಂಟನೇ ಹಾಡನ್ನು ಹಾಕದೆ, ಊಟವನ್ನೂ ಮಾಡದೆ ಮಗಳು ಹೊರಟುಹೋದರು. ಆಂಟಿ ಮೊರ ಎಳೆದುಕೊಂಡು ಕಾಳು ಹಿತುಕಲು ಕೂತರು.

ಆ ಸಂಜೆ ನಾನು ಅವರನ್ನು ನಂಬಲಿಲ್ಲ. ಆಲ್ಬಮ್ಮಿನ ಒಳ್ಳೆಯದಕ್ಕೆ ಹೇಳಿದರೋ, ಮಗಳ ಗೆಲುವಿನಲ್ಲಿ ಪಾಲು ಬೇಡವೆಂಬ ಬಿಗುಮಾನವೋ, ತಮ್ಮ ಮುದಿದನಿಯನ್ನು ಮೊದಲ ಬಾರಿ ಹೊರಗಿನಿಂದ ಕೇಳಿ ಬೆಚ್ಚಿದರೋ? ಕೆಲವು ದಿನ ಬಿಟ್ಟು ನೇರವಾಗಿ ಕೇಳಿದೆ.

"ಆಂಟಿ, ನಿಮ್ಮ ಹಾಡು ನಿಮಗೆ ಇಷ್ಟ ಆಗ್ಲಿಲ್ವಾ?"

"ಆಯ್ತಮ್ಮ. ಅದೇ ಕಷ್ಟ" ಎಂದರು. ಆಮೇಲೆ ತಮ್ಮ ಫೋನ್ ಎತ್ತಿ ತೋರಿಸಿದರು. "ಇದ್ರಲ್ಲಿ ದಿನಾ ನೋಡ್ತೀನಲ್ಲ, ಯಾವ್ದೋ ಊರಿನ ಅಜ್ಜಿ ಹಾಡ್ತಾಳೆ, ಜನ ಕಣ್ಣೀರ್ ಹಾಕ್ತಾರೆ. ನನ್ನದೂ ಹಂಗೇ ಓಡಾಡುತ್ತೆ. ಅಯ್ಯೋ ಎಂಥ ಅಜ್ಜಿ ಅಂತಾರೆ. ನನ್ ಮಗಳ ಏಳು ಹಾಡು ಚಪ್ಲಿ ಬಿಡೋ ಜಾಗದಲ್ಲಿ ಕೂತಿರುತ್ತೆ. ಮತ್ತೆ ಜನರ ಬೆನ್ನಿಗೇ ಹಾಡ್ದಂಗಾಯ್ತು."

ಬೆನ್ನಿನ ಮಾತನ್ನು ಮಗಳು ತಾಯಿಗೂ ಹೇಳಿದ್ದರೇ? ಅಥವಾ ಮಗಳು ನನಗೆ ಹೇಳಿದ್ದನ್ನು ನಾನೇ ಈಗ ತಾಯಿಯ ಬಾಯಿಗೆ ಹಾಕುತ್ತಿದ್ದೇನೆಯೇ? ಗೊತ್ತಿಲ್ಲ. ಚಪ್ಪಲಿ ಬಿಡುವ ಜಾಗದ ಮಾತು ಮಾತ್ರ ಖಂಡಿತ ಅವರದೇ. ನನಗೆ ಅಂಥದ್ದು ಹೊಳೆಯುವುದಿಲ್ಲ.

"ಇದನ್ನ ಅವರಿಗೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಅಮ್ಮ ನನಗೋಸ್ಕರ ತ್ಯಾಗ ಮಾಡಿದ್ಲು ಅಂತ ಅದನ್ನೇ ಇನ್ನೊಂದು ಹಾಡು ಮಾಡ್ತಾಳೆ. ಸುಮ್ನಿರು."

ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮಗಳು ಬಂದು ಉಳಿದರು. ಇಬ್ಬರೂ ಔಷಧಿ, ಗಂಜಿಯ ವಿಷಯ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಒಂದು ದಿನ ನಾನು ಎಳನೀರು ಕೊಡಲು ಇಳಿದಾಗ ಸ್ಪೀಕರ್ ಮಂಚದ ಪಕ್ಕದಲ್ಲಿತ್ತು. ಆಲ್ಬಮ್ ಓಡುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಆರನೇ ಹಾಡು ಮುಗಿಯಿತು. ನಂತರ ಬಂದದ್ದು ಅಂದು ನಾವು ಕೇಳದೆ ಉಳಿದ ಕೊನೆಯ ಹಾಡು. ಮಗಳು ಒಬ್ಬರೇ, ನೇರವಾಗಿ ಹಾಡಿದ್ದರು. ಗೇಟಿನ ಹತ್ತಿರ ನಿಲ್ಲದೆ ಹೊರಟುಹೋಗುವ ಹಾಡು.

ಆಂಟಿಯ ಕೈ ಹೊದಿಕೆಯ ಮೇಲೆಯೇ ಇತ್ತು. ಕಿವಿಗೆ ಹೋಗಲಿಲ್ಲ. ಎತ್ತುವ ಶಕ್ತಿ ಇರಲಿಲ್ಲವೋ, ಎತ್ತಬೇಕಾಗಿರಲಿಲ್ಲವೋ. ಹಾಡು ಮುಗಿದ ಮೇಲೆ ಮಗಳಿಗೆ ಹೇಳಿದರು: "ಊಟ ಮಾಡು, ಹೋಗು. ಅವತ್ತು ಹಂಗೇ ಹೋದೆ."

ಮಗಳು ಅಡುಗೆಮನೆಗೆ ಹೋಗಿ ನಿಂತುಕೊಂಡೇ ಉಂಡರು. ತಾಯಿಯ ಆ ಮಾತನ್ನು ಅವರು ಒಪ್ಪಿಗೆಯೆಂದು ತಿಳಿದರು. ಆಗ ನಾನೂ ಹಾಗೇ ತಿಳಿದೆ.

ಆಷಾಢದಲ್ಲಿ ಓನರ್ ಆಂಟಿ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯದ ಊಟ ಮುಗಿದ ಮೇಲೆ ಹಾಲ್‌ನಲ್ಲಿ ಹತ್ತಿರದ ನೆಂಟರಷ್ಟೇ ಉಳಿದಿದ್ದರು. ಬ್ಯಾಡರಹಳ್ಳಿಯಿಂದ ಬಂದಿದ್ದ ಆಂಟಿಯ ಅಣ್ಣನ ಮಗ, ಮಗಳ ಪಕ್ಕ ಬಂದು ಕೂತ. ಹಸೆಯ ಪದದ ಸುದ್ದಿ ಅವನಿಗೆ ಹೇಗೋ ಗೊತ್ತಾಗಿತ್ತು.

"ಅಕ್ಕ, ಈಗಾದ್ರೂ ಅತ್ತೆ ಹಾಡು ಸೇರ್ಸಿಬಿಡಿ. ಫೋಟೋ ಹಾಕಿ ಒಂದ್ ರೀಲ್ ಬಿಟ್ರೆ ಸಾಕು, ಎರಡೇ ದಿನಕ್ಕೆ ಎಲ್ಲಾ ಕಡೆ ಹೋಗುತ್ತೆ. ನಿಮ್ ಆಲ್ಬಮ್ಮೂ ಜನಕ್ಕೆ ಗೊತ್ತಾಗುತ್ತೆ."

"ಹೌದಮ್ಮ, ಈಗ ಬೇಡ ಅನ್ನೋರ್ಯಾರು?" ಎಂದರು ಒಬ್ಬ ಹಿರಿಯ ಹೆಂಗಸು.

ನಿಜವೇ ಆಗಿತ್ತು. ಬೇಡವೆನ್ನುವವರು ಯಾರೂ ಉಳಿದಿರಲಿಲ್ಲ. ಆಂಟಿ ಕೊಟ್ಟ ಕಾರಣ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಸುಮ್ಮನಿರು ಎಂದದ್ದೂ ನೆನಪಿತ್ತು. ಸುಮ್ಮನಿದ್ದೆ. ಮಗಳು ತಾಯಿಯ ಫೋಟೋದ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಫೋನನ್ನು ಮಗುಚಿ ನೆಲದ ಮೇಲಿಟ್ಟರು.

"ಅದು ಇಲ್ಲ ಕಣೋ. ಅಳಿಸ್ಬಿಟ್ಟೆ."

"ಅಯ್ಯೋ! ಯಾಕಕ್ಕ?"

"ಚೆನ್ನಾಗಿ ಬಂದಿರ್ಲಿಲ್ಲ."

ಆಲ್ಬಮ್ ಏಳೇ ಹಾಡುಗಳೊಂದಿಗೆ ಬಂತು. ಎಲ್ಲ ಕಡೆ ಹೋಗಲಿಲ್ಲ. ಆದರೆ ಕೇಳಿದವರು ಕೊನೆಯವರೆಗೂ ಕೇಳುತ್ತಾರೆಂದು ಮಗಳು ಹೇಳುತ್ತಾರೆ. ಈಗ ಅವರನ್ನು ಕರೆಯುವುದು ಆರತಕ್ಷತೆಗಲ್ಲ, ಮನೆಗಳಿಗೆ. ಜನ ಚಾಪೆ ಹಾಸಿ ಎದುರಿಗೆ ಕೂರುತ್ತಾರಂತೆ. ನಾನೂ ಒಂದು ಸಲ ವಿಜಯನಗರದ ಒಂದು ಮನೆಗೆ ಹೋಗಿದ್ದೆ. ಆರನೆಯದು ಮುಗಿದು ಏಳನೆಯದು ಶುರುವಾಗುವ ಮುನ್ನ ಅವರು ಒಂದು ಗುಟುಕು ನೀರು ಕುಡಿದರು. ಕೂತವರು ಯಾರೂ ಅಲುಗಲಿಲ್ಲ.

ಓನರ್ ಆಂಟಿಯಿಂದ ನಾನು ಪಡೆದದ್ದು ಏನೆಂದು ಹೇಳುವುದು ಕಷ್ಟ. ಮೊದಲು ಚೆನ್ನಾಗಿದೆ ಎಂದು ಕೂಡಲೇ ಒಪ್ಪಿಬಿಡುತ್ತಿದ್ದೆ, ಹಾಡಾಗಲಿ, ಮನುಷ್ಯರಾಗಲಿ. ಈಗ ಕೊನೆಯವರೆಗೂ ಕೂರುತ್ತೇನೆ. ಆ ಹಾಡನ್ನು ಅಳಿಸಿದೆನೆಂಬ ಮಗಳ ಮಾತನ್ನು ನಾನು ಆವತ್ತೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಯಾವುದೋ ಮಧ್ಯಾಹ್ನ ಕದ ಹಾಕಿಕೊಂಡು ಅವರೊಬ್ಬರೇ ಅದನ್ನು ಕೇಳುತ್ತಾರೆಂದೇ ನನ್ನ ಅನುಮಾನ. ತಾಯಿಯಾಗಿದ್ದರೆ ಎದುರಿಗೆ ಕೂರಿಸಿಕೊಂಡು ನಿಜವಾ ಎಂದು ಕೇಳಿಯೇಬಿಡುತ್ತಿದ್ದರು. ನಾನು ಕೇಳುವುದಿಲ್ಲ. ಆಕೆ ಸುಳ್ಳು ಹೇಳಿರಲಿ ಎಂದು ಹಾರೈಸುತ್ತೇನೆ.